‘ನಾಳೆ ಬಂದು ಕೊಡುತ್ತೇನೆ’: ಸಣ್ಣ ಅಪಘಾತದ ನಂತರ ಎದುರು ಚಾಲಕನ ಮಾತಿಗೆಷ್ಟು ಬೆಲೆ?

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಸಾಗುತ್ತಿರುವ ಒಂದು ಸಣ್ಣ ಸರಕು ವಾಹನವನ್ನು ಊಹಿಸಿಕೊಳ್ಳಬಹುದು. ಅದರಲ್ಲಿರುವುದು ಕೈಗಾರಿಕಾ ವಸಾಹತಿನ ಒಂದು ಘಟಕದಲ್ಲಿ ತಯಾರಾದ ಪಂಪಿನ ಬಿಡಿಭಾಗಗಳು. ರಾಣೆಬೆನ್ನೂರಿನ ಸಮೀಪ ಮುಂದಿನ ವಾಹನಗಳು ನಿಧಾನಗೊಂಡಾಗ ಚಾಲಕ ಬ್ರೇಕು ಒತ್ತುತ್ತಾನೆ; ಹಿಂದಿನಿಂದ ಬಂದ ಲಾರಿ ಬಂದು ತಟ್ಟುತ್ತದೆ. ಯಾರಿಗೂ ಗಾಯವಿಲ್ಲ. ಹಿಂಬದಿಯ ಬಾಗಿಲು ಒಳಸರಿದಿದೆ, ದೀಪ ಒಡೆದಿದೆ, ಎರಡು ಪೆಟ್ಟಿಗೆ ಸರಕು ಜಖಂಗೊಂಡಿದೆ. ಲಾರಿಯ ಚಾಲಕ ಇಳಿದು ಬಂದು ಕೈಮುಗಿಯುತ್ತಾನೆ: “ತಪ್ಪು ನಂದ ಐತ್ರಿ ಅಣ್ಣಾರ. ಪೊಲೀಸು ಗಿಲೀಸು ಅಂತ ಹೋಗೂದು ಬ್ಯಾಡ್ರಿ. ನನ್ನ ನಂಬರ್ ತಗೋರಿ, ಎಷ್ಟಾಗತೈತಿ ಹೇಳ್ರಿ, ನಾಳೆ ಬಂದು ಕೊಡ್ತೀನಿ.”

ಡೆಲಿವರಿ ಚಲನ್ನಿನ ಹಿಂಬದಿಯಲ್ಲಿ ಒಂದು ಮೊಬೈಲ್ ಸಂಖ್ಯೆ ಬರೆದುಕೊಂಡು ಎರಡೂ ವಾಹನಗಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಮೂರನೆಯ ದಿನ ಗ್ಯಾರೇಜಿನವರು ಜಿ.ಎಸ್.ಟಿ. ಬಿಟ್ಟು 32,000 ರೂಪಾಯಿಯ ಅಂದಾಜು ಕೊಡುತ್ತಾರೆ. ಕರೆ ಮಾಡಿದರೆ ಚಾಲಕನು “ಮಾಲೀಕರನ್ನು ಕೇಳಿ ಹೇಳುತ್ತೇನೆ” ಎನ್ನುತ್ತಾನೆ. ಮಾಲೀಕನು “ನಿಮ್ಮ ಗಾಡಿಯೇ ಏಕಾಏಕಿ ಬ್ರೇಕು ಹಾಕಿತಂತೆ” ಎನ್ನುತ್ತಾನೆ. ವಾರ ಕಳೆಯುವಷ್ಟರಲ್ಲಿ ಆ ಸಂಖ್ಯೆಗೆ ಕರೆ ಹೋಗುವುದೇ ಇಲ್ಲ.

ಪ್ರಸಂಗ ಕಲ್ಪಿತವಾದರೂ ಸ್ವಂತ ವಾಹನ ಇಟ್ಟುಕೊಂಡಿರುವ ವರ್ತಕರಿಗೆ ಇದು ಅಪರಿಚಿತವೇನಲ್ಲ. ಇಲ್ಲಿ ನಷ್ಟಕ್ಕೆ ಕಾರಣವಾದದ್ದು ಲಾರಿಯ ಡಿಕ್ಕಿಯೊಂದೇ ಅಲ್ಲ. ಆ ಬಳಿಕ ಏನನ್ನೂ ದಾಖಲಿಸದೆ ಹೊರಟುಬಂದದ್ದು ಅದಕ್ಕಿಂತ ದೊಡ್ಡ ಕಾರಣ.

ಪೇಟೆಯ ಮಾತು, ರಸ್ತೆಯ ಮಾತು

ವ್ಯಾಪಾರಸ್ಥರು ಬಾಯಿಮಾತನ್ನು ಬೇಗನೆ ನಂಬುವುದಕ್ಕೆ ಕಾರಣವಿದೆ. ಅವರ ವೃತ್ತಿ ನಡೆಯುವುದೇ ಮಾತಿನ ಮೇಲೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ, ಹುಬ್ಬಳ್ಳಿಯ ಅಮರಗೋಳದ ಪ್ರಾಂಗಣದಲ್ಲಾಗಲಿ ಲಕ್ಷಾಂತರ ರೂಪಾಯಿಯ ಸರಕು ಫೋನಿನ ಒಂದು ಮಾತಿಗೆ ಕೈ ಬದಲಾಗುತ್ತದೆ. ಆದರೆ ಆ ಮಾತಿನ ಹಿಂದೆ ಏನೇನಿದೆ ಎಂಬುದನ್ನು ಮರೆಯುವಂತಿಲ್ಲ. ಕೊಟ್ಟವನಿಗೆ ಅಂಗಡಿಯಿದೆ, ಲೈಸೆನ್ಸ್ ಇದೆ, ಖಾತೆಯಲ್ಲಿ ಹಳೆಯ ಬಾಕಿಯಿದೆ. ನಾಳೆ ಅವನು ಅದೇ ಪ್ರಾಂಗಣಕ್ಕೆ ಮರಳಿ ಬರಲೇಬೇಕು. ಮಾತು ತಪ್ಪಿದರೆ ನಾಲ್ಕು ಅಡತ ಅಂಗಡಿಗಳಿಗೆ ಸಂಜೆಯೊಳಗೆ ಗೊತ್ತಾಗುತ್ತದೆ.

ಹೆದ್ದಾರಿಯ ಬದಿಯಲ್ಲಿ ಇವು ಯಾವುವೂ ಇಲ್ಲ. ಇಬ್ಬರು ಅಪರಿಚಿತರು ಹತ್ತು ನಿಮಿಷ ಎದುರುಬದುರು ನಿಂತು ಮತ್ತೆಂದೂ ಭೇಟಿಯಾಗದ ಹಾಗೆ ಬೇರೆಯಾಗುತ್ತಾರೆ. ಇಷ್ಟಕ್ಕೇ ಎದುರು ಚಾಲಕನನ್ನು ವಂಚಕನೆಂದು ಭಾವಿಸಬೇಕಾಗಿಲ್ಲ. ಬಹುಪಾಲು ಚಾಲಕರು ಆ ಗಳಿಗೆಯಲ್ಲಿ ಸತ್ಯವನ್ನೇ ಹೇಳುತ್ತಾರೆ, ಕೊಡುವ ಮನಸ್ಸಿನಿಂದಲೇ ಹೇಳುತ್ತಾರೆ. ಮಾತು ಬದಲಾಗುವುದು ಅನಂತರ. ಬಂಪರ್ ಬಿಚ್ಚಿದ ಮೇಲೆ ಮೂರು ಸಾವಿರದ ಕೆಲಸ ಹನ್ನೊಂದು ಸಾವಿರಕ್ಕೆ ಏರುತ್ತದೆ, ಮಾಲೀಕ ಗದರಿಸುತ್ತಾನೆ, ಗೆಳೆಯನೊಬ್ಬ “ತಪ್ಪು ಒಪ್ಪಿಕೊಂಡದ್ದೇಕೆ?” ಎಂದು ಕೇಳುತ್ತಾನೆ. ತಿಂಗಳ ಸಂಬಳದ ಅರ್ಧ ಕೈಬಿಡುವುದೆಂದು ತಿಳಿದಾಗ ಹಿಂದಿನ ದಿನದ ಪ್ರಾಮಾಣಿಕತೆ ಉಳಿಯುವುದು ಕಠಿಣ. ಹೀಗಾಗಿ ಎದುರಿಗಿರುವವನು ಒಳ್ಳೆಯವನೋ ಅಲ್ಲವೋ ಎಂಬ ವಿಚಾರಣೆ ರಸ್ತೆಬದಿಯಲ್ಲಿ ನಿಷ್ಪ್ರಯೋಜಕ. ಅವನ ಮಾತು ಬದಲಾದರೂ ಕೈಯಲ್ಲಿ ಏನು ಉಳಿಯುತ್ತದೆ ಎಂಬುದೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಚಾಲಕ ಕೊಟ್ಟ ಮಾತಿಗೆ ಮಾಲೀಕ ಬದ್ಧನೇ?

ಸಾಮಾನ್ಯವಾಗಿ ಗಮನಕ್ಕೆ ಬಾರದ ಅಂಶವೊಂದಿದೆ. ಕೆಲಸದ ಅವಧಿಯಲ್ಲಿ ಚಾಲಕನು ತೋರಿದ ನಿರ್ಲಕ್ಷ್ಯದಿಂದಾದ ಹಾನಿಗೆ ವಾಹನದ ಮಾಲೀಕನು ಹೊಣೆ ಎಂಬುದು ನೆಲೆಗೊಂಡ ಕಾನೂನು. ಆದರೆ “ಇಷ್ಟು ಹಣ ಕೊಡುತ್ತೇವೆ” ಎಂದು ಮಾಲೀಕನ ಪರವಾಗಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಚಾಲಕನಿಗೆ ಇರುತ್ತದೆಂದು ಭಾವಿಸುವಂತಿಲ್ಲ. ಅವನನ್ನು ನೇಮಿಸಿರುವುದು ವಾಹನ ನಡೆಸಲು. ಇತ್ಯರ್ಥ ಮಾಡಿಕೊಳ್ಳಲು ಅಲ್ಲ. ಹಾನಿಯ ಹೊಣೆ ಮಾಲೀಕನಿಗೆ ತಗಲುತ್ತದೆ, ಚಾಲಕ ಕೊಟ್ಟ ಭರವಸೆ ತಗಲದೇ ಹೋಗಬಹುದು. ಎರಡನ್ನೂ ಒಂದೇ ಎಂದು ತಿಳಿದವನು ಭರವಸೆಯ ಹಿಂದೆ ಓಡುತ್ತಾನೆ, ಹಾನಿಯ ಪುರಾವೆಯನ್ನು ಕೈಬಿಡುತ್ತಾನೆ.

ಆದ್ದರಿಂದ ಎದುರು ಚಾಲಕನೊಡನೆ ಮಾತು ಮುಗಿಸುವ ಮುನ್ನ ಅವನ ಮಾಲೀಕನೊಡನೆ ಫೋನಿನಲ್ಲಿ ಮಾತನಾಡುವುದು ಲೇಸು. ಆ ಕರೆಯ ಸಮಯವೇ ಒಂದು ದಾಖಲೆಯಾಗುತ್ತದೆ. ಮಾತಿನ ಸಾರಾಂಶವನ್ನು ಅದೇ ಸಂಖ್ಯೆಗೆ ಎರಡು ಸಾಲಿನ ಸಂದೇಶವಾಗಿ ಕಳುಹಿಸಿ “ಸರಿ” ಎಂಬ ಉತ್ತರ ಪಡೆದರೆ ಇನ್ನೂ ಉತ್ತಮ.

ವಿಮಾ ಪಾಲಿಸಿಯ ಷರತ್ತು

ಮೋಟಾರು ವಿಮೆಯ ಪ್ರಮಾಣಿತ ಪಾಲಿಸಿಯ ಸಾಮಾನ್ಯ ಷರತ್ತುಗಳಲ್ಲಿ ಎರಡು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಅಪಘಾತ ಸಂಭವಿಸಿದ ಕೂಡಲೇ ಕಂಪೆನಿಗೆ ಲಿಖಿತವಾಗಿ ತಿಳಿಸಬೇಕು ಎಂಬುದು ಒಂದು. ಕಂಪೆನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆದಾರನಾಗಲಿ, ಅವನ ಪರವಾಗಿ ಮತ್ತೊಬ್ಬನಾಗಲಿ ತಪ್ಪೊಪ್ಪಿಗೆ, ಭರವಸೆ, ಹಣ ಪಾವತಿ ಯಾವುದನ್ನೂ ಮಾಡಕೂಡದು ಎಂಬುದು ಇನ್ನೊಂದು.

ಎರಡನೆಯ ಷರತ್ತನ್ನು ಓದಿದ ಸದಸ್ಯರು ವಿರಳ. ಇದರ ಪರಿಣಾಮ ಎರಡು ಬಗೆಯದು. ಎದುರು ಚಾಲಕನು “ತಪ್ಪು ನನ್ನದೇ” ಎಂದದ್ದು ಅವನ ವಿಮಾ ಕಂಪೆನಿಯನ್ನು ತಾನಾಗಿಯೇ ಕಟ್ಟಿಹಾಕುವುದಿಲ್ಲ. ಕಂಪೆನಿಯು ಘಟನೆಯನ್ನು ತನ್ನ ರೀತಿಯಲ್ಲಿ ಪರಿಶೀಲಿಸಲು ಸ್ವತಂತ್ರ. ಹಾಗೆಯೇ ನಮ್ಮ ಕಡೆಯ ಚಾಲಕನು ಜಗಳ ಬಿಡಿಸಿಕೊಳ್ಳಲು ಆಡಿದ ಇಂಥದೇ ಮಾತು ನಮ್ಮ ಪಾಲಿಸಿಯ ಷರತ್ತನ್ನು ಉಲ್ಲಂಘಿಸಿದಂತಾಗಬಹುದು.

ಎದುರು ಪಕ್ಷದವರಿಂದ ಐದು ಸಾವಿರ ಪಡೆದು “ಪೂರ್ಣ ಇತ್ಯರ್ಥವಾಗಿದೆ, ಇನ್ನಾವ ತಕರಾರೂ ಇಲ್ಲ” ಎಂದು ಬರೆದುಕೊಟ್ಟರೂ ತೊಡಕಿದೆ. ವಿಮಾ ಕಂಪೆನಿಯು ತಾನು ತೆತ್ತ ಹಣವನ್ನು ತಪ್ಪಿತಸ್ಥನಿಂದ ವಸೂಲು ಮಾಡುವ ಹಕ್ಕನ್ನು ವಿಮೆದಾರನ ಮೂಲಕವೇ ಪಡೆಯುತ್ತದೆ. ಆ ಹಕ್ಕನ್ನು ರಸ್ತೆಬದಿಯಲ್ಲಿ ಬಿಟ್ಟುಕೊಟ್ಟವನು ಅನಂತರ ಸ್ವಂತ ಹಾನಿಯ ಕ್ಲೇಮಿಗೆ ಹೋದರೆ ಕಂಪೆನಿ ಪ್ರಶ್ನಿಸುವುದು ಸಹಜ. ಹಣ ಪಡೆಯಲೇಬೇಕಾದರೆ “ದುರಸ್ತಿ ವೆಚ್ಚದ ಬಾಬ್ತು ಮುಂಗಡ” ಎಂದು ಬರೆದು ಪಡೆಯಬೇಕು. “ಪೂರ್ಣ ಇತ್ಯರ್ಥ” ಎಂಬ ಪದ ಬೇಡ. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಅಗತ್ಯ.

ತಡವಾಗಿ ತಿಳಿಸಿದ ಮಾತ್ರಕ್ಕೆ ನ್ಯಾಯಯುತ ಕ್ಲೇಮನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದು, ತಡವಾಗಲು ಅನಿವಾರ್ಯ ಕಾರಣವಿತ್ತೇ ಎಂದು ನೋಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಆದರೆ “ಎದುರು ಚಾಲಕ ಕೊಡುತ್ತೇನೆಂದಿದ್ದ, ಕಾದು ನೋಡಿದೆವು” ಎಂಬುದನ್ನು ಅನಿವಾರ್ಯ ಕಾರಣವೆಂದು ಒಪ್ಪಿಸುವುದು ಸುಲಭವಲ್ಲ. ಕಾದು ನೋಡುವ ಅವಧಿಯಲ್ಲಿಯೇ ವಾಹನ ದುರಸ್ತಿಯಾಗಿಬಿಟ್ಟರೆ ಸರ್ವೇಯರ್ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಮಾತಿಗೆ ಬದಲು ದಾಖಲೆ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 134 ಚಾಲಕನ ಕರ್ತವ್ಯಗಳನ್ನು ಹೇಳುತ್ತದೆ. ಯಾರಿಗಾದರೂ ಗಾಯವಾದಾಗ ಮಾತ್ರವಲ್ಲ, ಮೂರನೆಯ ವ್ಯಕ್ತಿಯ ಸ್ವತ್ತಿಗೆ ಹಾನಿಯಾದಾಗಲೂ ಅದು ಅನ್ವಯಿಸುತ್ತದೆ ಎಂಬುದು ಗಮನಾರ್ಹ. ಗಾಯಾಳುವಿಗೆ ಚಿಕಿತ್ಸೆ ಒದಗಿಸುವುದು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ವರದಿ ಮಾಡುವುದು ಮತ್ತು ವಿಮಾ ಕಂಪೆನಿಗೆ ಲಿಖಿತ ಮಾಹಿತಿ ಕೊಡುವುದು ಇದರಲ್ಲಿ ಸೇರಿವೆ. ಆ ಮಾಹಿತಿಯಲ್ಲಿ ಏನಿರಬೇಕೆಂಬುದನ್ನೂ ಕಲಂ ಹೇಳಿದೆ: ಪಾಲಿಸಿಯ ಸಂಖ್ಯೆ ಮತ್ತು ಅವಧಿ, ಘಟನೆಯ ದಿನಾಂಕ, ಸಮಯ ಮತ್ತು ಸ್ಥಳ, ಗಾಯಗೊಂಡವರ ವಿವರ, ಚಾಲಕನ ಹೆಸರು ಮತ್ತು ಲೈಸೆನ್ಸಿನ ವಿವರ. ಕರ್ತವ್ಯ ತಪ್ಪಿದರೆ ಕಲಂ 187ರ ಪ್ರಕಾರ ಶಿಕ್ಷೆಯುಂಟು; 2019ರ ತಿದ್ದುಪಡಿಯು ಅದನ್ನು ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡಕ್ಕೆ ಏರಿಸಿತು. “ಪೊಲೀಸು ಬೇಡ” ಎಂಬ ಮಾತಿಗೆ ತಲೆಯಾಡಿಸುವವರು ಈ ಕಲಮನ್ನು ನೆನಪಿನಲ್ಲಿಡಬೇಕು. ಸಣ್ಣ ತಟ್ಟುವಿಕೆಗೆ ಠಾಣೆ ಹತ್ತುವುದು ಬೇಸರದ ಕೆಲಸ ನಿಜ. ಅರ್ಧ ದಿನ ಹೋಗುತ್ತದೆ. ಆದರೂ ಪರರಾಜ್ಯದ ನೋಂದಣಿಯ ವಾಹನವಾಗಿದ್ದಲ್ಲಿ, ಎದುರು ಪಕ್ಷ ದಾಖಲೆ ತೋರಿಸಲು ಹಿಂಜರಿದಲ್ಲಿ, ಸರಕಿಗೆ ಹಾನಿಯಾಗಿದ್ದಲ್ಲಿ ಆ ಅರ್ಧ ದಿನ ವ್ಯರ್ಥವಲ್ಲ.

ಸ್ಥಳದಲ್ಲಿ ಮಾಡಬೇಕಾದುದಕ್ಕೆ ಹತ್ತು ನಿಮಿಷ ಸಾಕು. ವಾಹನಗಳನ್ನು ಬದಿಗೆ ಸರಿಸುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು: ಎರಡೂ ವಾಹನಗಳು ರಸ್ತೆಯ ಮೇಲೆ ನಿಂತ ಭಂಗಿ, ನೋಂದಣಿ ಫಲಕಗಳು, ಜಖಂ ಆದ ಭಾಗ, ಸುತ್ತಲಿನ ಅಂಗಡಿ ಅಥವಾ ಕಿಲೋಮೀಟರ್ ಕಲ್ಲು. ಹತ್ತಿರದಿಂದ ತೆಗೆದ ಬಂಪರಿನ ಹತ್ತು ಚಿತ್ರಗಳಿಗಿಂತ ದೂರದಿಂದ ತೆಗೆದ ಒಂದು ಚಿತ್ರ ಹೆಚ್ಚು ಹೇಳುತ್ತದೆ. ಯಾರು ಯಾರಿಗೆ ಹೇಗೆ ತಟ್ಟಿದರೆಂಬುದು ಅದರಲ್ಲಿ ಕಾಣುತ್ತದೆ. ಅನಂತರ ಎದುರು ಚಾಲಕನ ಲೈಸೆನ್ಸ್, ಆರ್.ಸಿ. ಮತ್ತು ಪಾಲಿಸಿಯ ಚಿತ್ರ. ಚಾಲಕನು “ಪಾಲಿಸಿ ಮಾಲೀಕರ ಹತ್ತಿರ ಇದೆ” ಎಂದರೂ ಚಿಂತೆಯಿಲ್ಲ. ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ಕೊಟ್ಟ ಮೊಬೈಲ್ ಸಂಖ್ಯೆಗೆ ಅಲ್ಲಿಯೇ ಒಂದು ಕರೆ ಮಾಡಿ ಅವನ ಕಿಸೆಯಲ್ಲಿ ಗಂಟೆ ಬಾರಿಸುತ್ತದೆಯೇ ಎಂದು ಪರೀಕ್ಷಿಸುವುದರಲ್ಲಿ ಅಸೌಜನ್ಯವೇನೂ ಇಲ್ಲ.

ಕಡೆಗೆ ಒಂದು ಚೀಟಿ. ಅದರಲ್ಲಿ ಯಾರದು ತಪ್ಪು ಎಂಬ ತೀರ್ಪು ಬೇಕಿಲ್ಲ. “ಇಂಥ ದಿನ, ಇಂಥ ಸಮಯ, ಇಂಥ ಸ್ಥಳದಲ್ಲಿ ನಿಂತಿದ್ದ ವಾಹನದ ಹಿಂಬದಿಗೆ ಇಂಥ ವಾಹನದ ಮುಂಬದಿ ತಗಲಿತು, ಯಾರಿಗೂ ಗಾಯವಾಗಿಲ್ಲ” ಎಂಬಷ್ಟು ಸಂಗತಿಯನ್ನು ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ತಪ್ಪೊಪ್ಪಿಗೆಗೆ ಸಹಿ ಹಾಕೆಂದರೆ ಹಿಂಜರಿಯುವವನು ಸಂಗತಿಗೆ ಸಹಿ ಹಾಕುತ್ತಾನೆ. ಹಿಂದಿನಿಂದ ತಟ್ಟಿದ ಸಂಗತಿ ದಾಖಲಾದ ಮೇಲೆ ತಪ್ಪು ಯಾರದೆಂಬುದನ್ನು ಬಹುಮಟ್ಟಿಗೆ ಆ ಸಂಗತಿಯೇ ಹೇಳುತ್ತದೆ.

ಮೊಬೈಲಿನ ಚಿತ್ರ, ಸಂದೇಶಗಳನ್ನು ಅಳಿಸಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ವಿದ್ಯುನ್ಮಾನ ದಾಖಲೆಗಳನ್ನು ಪ್ರಮಾಣಪತ್ರದೊಂದಿಗೆ ಹಾಜರುಪಡಿಸಬಹುದು. ಚಾಲಕನು ಕೆಲಸ ಬಿಟ್ಟು ಹೋದರೆ ಅವನ ಮೊಬೈಲಿನೊಂದಿಗೆ ಪುರಾವೆಯೂ ಹೋಗುತ್ತದೆ. ಆದಕಾರಣ ಅದೇ ಸಂಜೆ ಎಲ್ಲವನ್ನೂ ಕಚೇರಿಯ ಗಣಕಯಂತ್ರಕ್ಕೆ ವರ್ಗಾಯಿಸಬೇಕು.

ಕ್ಲೇಮ್ ಮಾಡುವುದೋ, ಬಿಡುವುದೋ?

ವರ್ತಕರು ಎದುರು ಚಾಲಕನ ಭರವಸೆಗೆ ಒಲಿಯುವುದರ ಹಿಂದಿರುವ ದೊಡ್ಡ ಕಾರಣ ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಕ್ರಮವಾಗಿ ಶೇಕಡಾ 20, 25, 35, 45 ಮತ್ತು 50 ರಿಯಾಯಿತಿ ದೊರೆಯುತ್ತದೆ. ಒಂದು ಕ್ಲೇಮ್ ಆದರೆ ಮತ್ತೆ ಸೊನ್ನೆಯಿಂದ ಆರಂಭ. ಇದರ ಬೆಲೆಯನ್ನು ಲೆಕ್ಕ ಹಾಕದೆಯೇ ಹೆದರುವವರು ಬಹಳ.

ಬೋನಸ್ಸಿಗೆ ಮುಂಚಿನ ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ 12,000 ರೂಪಾಯಿ, ಮುಂದಿನ ನವೀಕರಣದಲ್ಲಿ ಶೇಕಡಾ 35 ಬೋನಸ್ ಬರುವುದಿದೆ ಎಂದಿಟ್ಟುಕೊಂಡರೆ, ಕ್ಲೇಮ್ ಮಾಡದಿದ್ದಲ್ಲಿ ಮುಂದಿನ ಐದು ವರ್ಷಗಳ ರಿಯಾಯಿತಿ ಕ್ರಮವಾಗಿ 4,200, 5,400, 6,000, 6,000 ಮತ್ತು 6,000 ರೂಪಾಯಿ. ಕ್ಲೇಮ್ ಮಾಡಿದಲ್ಲಿ ಸೊನ್ನೆ, 2,400, 3,000, 4,200 ಮತ್ತು 5,400. ವ್ಯತ್ಯಾಸ ಒಟ್ಟು 12,600 ರೂಪಾಯಿ. ವಾಹನ ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ. ಮೇಲಿನ ಪ್ರಸಂಗದ 32,000 ರೂಪಾಯಿಯ ದುರಸ್ತಿಗೆ ಸವಕಳಿ ಮತ್ತು ಕಡ್ಡಾಯ ಕಡಿತ ಕಳೆದು 23,000 ದೊರೆಯಿತೆಂದರೆ, ಬೋನಸ್ ನಷ್ಟವನ್ನು ತೆಗೆದರೂ 10,400 ರೂಪಾಯಿ ಲಾಭ. ಅದೇ ದುರಸ್ತಿ 9,000ದ್ದಾಗಿದ್ದರೆ ಕ್ಲೇಮ್ ಮಾಡದಿರುವುದೇ ಮೇಲು.

ಆದರೆ ಸರಕು ವಾಹನಗಳ ಮಾಲೀಕರು ಇನ್ನೊಂದು ಪುಟವನ್ನು ತೆರೆದು ನೋಡಬೇಕು. ವಾಣಿಜ್ಯ ವಾಹನದ ಪಾಲಿಸಿಯಲ್ಲಿ ದೀಪ, ಟೈರು, ಮಡ್‌ಗಾರ್ಡ್, ಬಾನೆಟ್, ಬಂಪರ್ ಮತ್ತು ಜಖಂಗೊಂಡ ಭಾಗದ ಬಣ್ಣ ಇವುಗಳಿಗೆ ರಕ್ಷಣೆ ದೊರೆಯಬೇಕಾದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಐ.ಎಂ.ಟಿ. 23 ಎಂಬ ಅನುಬಂಧವನ್ನು ಸೇರಿಸಿಕೊಂಡಿರಬೇಕು. ಸಣ್ಣ ಅಪಘಾತದಲ್ಲಿ ಒಡೆಯುವುದು, ಸೊಟ್ಟಗಾಗುವುದು ಇವೇ! ನವೀಕರಣದ ಸಮಯದಲ್ಲಿ ಕೆಲವು ನೂರು ರೂಪಾಯಿ ಉಳಿಸಲು ಈ ಅನುಬಂಧವನ್ನು ಕೈಬಿಟ್ಟವರು ತಮ್ಮದು “ಫುಲ್ ಇನ್ಶೂರೆನ್ಸ್” ಎಂದು ನಂಬಿಕೊಂಡಿರುತ್ತಾರೆ. ಅಂಥವರಿಗೆ ಎದುರು ಪಕ್ಷದಿಂದ ಬರಬೇಕಾದ ಹಣವೇ ಏಕೈಕ ಆಧಾರ. ಆದ್ದರಿಂದ ಅವರಿಗೆ ದಾಖಲೆಯ ಅಗತ್ಯ ಇತರರಿಗಿಂತಲೂ ಹೆಚ್ಚು.

ಕಂಪೆನಿಗೆ ಮಾಹಿತಿ ಕೊಡುವುದು ಬೇರೆ, ಸ್ವಂತ ಹಾನಿಯ ಹಣ ಪಡೆಯುವುದು ಬೇರೆ ಎಂಬುದನ್ನೂ ತಿಳಿದಿರಬೇಕು. ಬೋನಸ್ ಕಳೆಯುವುದು ಎರಡನೆಯದರಿಂದ. ಎದುರು ಪಕ್ಷದ ಮೂರನೆಯ ವ್ಯಕ್ತಿ ವಿಮೆಯಿಂದ ಹಣ ಕೇಳಿದರೂ ನಮ್ಮ ಬೋನಸ್ಸಿಗೆ ಧಕ್ಕೆಯಿಲ್ಲ. ಕಾರು ಮತ್ತು ವಾಣಿಜ್ಯ ವಾಹನಗಳ ಪಾಲಿಸಿಯಲ್ಲಿ ಪರರ ಸ್ವತ್ತಿನ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ಹೊಣೆ ಇರುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಗಾಯಾಳುಗಳು ಮಾತ್ರವಲ್ಲ, ಹಾನಿಗೊಂಡ ಸ್ವತ್ತಿನ ಮಾಲೀಕನೂ ಕಲಂ 166ರ ಮೇರೆಗೆ ಅರ್ಜಿ ಸಲ್ಲಿಸಬಹುದು. ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಸ್ಥಳದ ನ್ಯಾಯಮಂಡಳಿಗೇ ಸಲ್ಲಿಸಲು ಅವಕಾಶವಿರುವುದರಿಂದ ರಾಣೆಬೆನ್ನೂರಿನ ಅಪಘಾತಕ್ಕೆ ಹುಬ್ಬಳ್ಳಿಯಲ್ಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಕಾಲಮಿತಿ ಬಂದಿದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆಯಾದರೂ ಆರು ತಿಂಗಳನ್ನೇ ಗಡುವೆಂದು ತಿಳಿದು ನಡೆಯುವುದು ಕ್ಷೇಮ. “ನಾಳೆ, ನಾಡಿದ್ದು” ಎಂಬ ಫೋನುಗಳಲ್ಲಿಯೇ ಆರು ತಿಂಗಳು ಸವೆದುಹೋಗುವುದು ಕಷ್ಟವೇನಲ್ಲ. ಹತ್ತು ಹದಿನೈದು ಸಾವಿರದ ಹಾನಿಗೆ ವಕೀಲರ ಶುಲ್ಕ, ಓಡಾಟ ಲಾಭದಾಯಕವಲ್ಲ ಎಂಬ ಮಾತೂ ನಿಜವೇ. ಆದರೆ ದಾಖಲೆಗಳ ಪ್ರತಿ ಲಗತ್ತಿಸಿದ ಒಂದು ನೋಂದಾಯಿತ ಪತ್ರ ಲಾರಿಯ ಮಾಲೀಕನಿಗೂ ಅವನ ವಿಮಾ ಕಂಪೆನಿಗೂ ತಲುಪಿದ ಮೇಲೆ, ಫೋನು ಎತ್ತದವರು ತಾವಾಗಿಯೇ ಫೋನು ಮಾಡಿದರೆ ಆಶ್ಚರ್ಯಪಡಬೇಕಾಗಿಲ್ಲ.

“ನನಗೇನೂ ಆಗಿಲ್ಲ” ಎಂಬ ಮಾತು

ಹಣ ಕೊಡುತ್ತೇನೆಂಬ ಮಾತು ತಪ್ಪಿದರೆ ನಷ್ಟ ಕೆಲವು ಸಾವಿರ. ಗಾಯವಿಲ್ಲವೆಂಬ ಮಾತು ತಪ್ಪಿದರೆ ನಷ್ಟ ಲಕ್ಷಗಳಲ್ಲಿ.

ಪೇಟೆಯ ಇಕ್ಕಟ್ಟಿನಲ್ಲಿ ಸರಕು ವಾಹನ ತಿರುಗುವಾಗ ದ್ವಿಚಕ್ರ ವಾಹನದವನೊಬ್ಬ ತಗಲಿ ಬೀಳುತ್ತಾನೆ. ಎದ್ದು ಬಟ್ಟೆ ಕೊಡವಿಕೊಂಡು “ಏನೂ ಆಗಿಲ್ಲ, ಹೋಗ್ರಿ” ಎನ್ನುತ್ತಾನೆ. ಚಾಲಕನು ಕನ್ನಡಿ ಸರಿಪಡಿಸಿಕೊಳ್ಳಲೆಂದು 500 ರೂಪಾಯಿ ಕೊಟ್ಟು ಹೊರಡುತ್ತಾನೆ. ಮಾಲೀಕನಿಗೆ ಹೇಳುವುದೂ ಇಲ್ಲ. ಆ ಮನುಷ್ಯ ಸುಳ್ಳು ಹೇಳಿರಬೇಕೆಂದಿಲ್ಲ. ಬಿದ್ದ ಗಾಬರಿಯಲ್ಲಿ ನೋವು ತಿಳಿಯದು. ರಾತ್ರಿ ಮಣಿಕಟ್ಟು ಊದಿಕೊಂಡಾಗ ಎಕ್ಸರೇಯಲ್ಲಿ ಬಿರುಕು ಕಾಣಬಹುದು. ಐದನೆಯ ತಿಂಗಳು ನ್ಯಾಯಮಂಡಳಿಯ ನೋಟಿಸು ಬಂದಾಗ ಮಾಲೀಕನ ಬಳಿ ಘಟನೆಯ ದಿನಾಂಕವೂ ಇರುವುದಿಲ್ಲ. ಬಿದ್ದವನ ತಪ್ಪೆಷ್ಟು, ವೇಗವೆಷ್ಟಿತ್ತು, ನೋಡಿದವರಾರು ಎಂಬುದಕ್ಕೆ ಉತ್ತರವಿಲ್ಲ. ಕೊಟ್ಟ 500 ರೂಪಾಯಿಯನ್ನೇ ತಪ್ಪೊಪ್ಪಿಗೆಯೆಂದು ಎದುರು ಪಕ್ಷ ವಾದಿಸಬಹುದು. ಗಾಯದ ವಿಷಯದಲ್ಲಿ ರಸ್ತೆಬದಿಯ ಚೀಟಿಯೊಂದು ನ್ಯಾಯಮಂಡಳಿಯ ಬಾಗಿಲನ್ನು ಮುಚ್ಚಿಬಿಡುತ್ತದೆಂದೂ ನಂಬುವಂತಿಲ್ಲ.

ಕಲಂ 164ರ ಅಡಿಯಲ್ಲಿ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ, ಸಾವಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಕೇಳಬಹುದು. ಮೂಳೆ ಮುರಿತ ಕಾನೂನಿನ ದೃಷ್ಟಿಯಲ್ಲಿ ತೀವ್ರ ಗಾಯವೇ. ಚಾಲ್ತಿ ವಿಮೆಯಿದ್ದರೆ ಕಂಪೆನಿ ಕಟ್ಟಿಕೊಡುತ್ತದೆ. ಮಾಹಿತಿ ಕೊಡಲು ತಡವಾಯಿತೆಂಬ ಕಾರಣ ಮುಂದಿಟ್ಟು ಅದು ಗಾಯಾಳುವಿನಿಂದ ತಪ್ಪಿಸಿಕೊಳ್ಳುವಂತಿಲ್ಲ, ಏಕೆಂದರೆ ಕಂಪೆನಿಯ ಪ್ರತಿವಾದಗಳು ಕಲಂ 150ರಲ್ಲಿ ಹೇಳಿದಷ್ಟಕ್ಕೆ ಸೀಮಿತ. ಆದರೆ ಚಾಲಕನ ಲೈಸೆನ್ಸಿನಲ್ಲಿ ದೋಷವಿದ್ದು ಅದಕ್ಕೆ ಮಾಲೀಕನ ನಿರ್ಲಕ್ಷ್ಯ ಕಾರಣವಾಗಿದ್ದರೆ, ಗಾಯಾಳುವಿಗೆ ಕೊಟ್ಟ ಹಣವನ್ನು ಕಂಪೆನಿಯು ಮಾಲೀಕನಿಂದ ವಸೂಲು ಮಾಡಬಹುದು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಈ ತತ್ತ್ವವನ್ನು ವಿವರಿಸಿದೆ. ಒಂದು ಸಮಾಧಾನದ ಸಂಗತಿಯೆಂದರೆ, ಲಘು ಮೋಟಾರು ವಾಹನದ ಲೈಸೆನ್ಸ್ ಇರುವವನು 7,500 ಕಿಲೋವರೆಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿಯಿಲ್ಲದೆ ನಡೆಸಬಹುದೆಂದು 2024ರ ನವೆಂಬರ್ 6ರಂದು ಸಂವಿಧಾನ ಪೀಠವು ಸ್ಪಷ್ಟಪಡಿಸಿದೆ. ಸಣ್ಣ ಸರಕು ವಾಹನಗಳ ಮಾಲೀಕರಿಗೆ ಬಹುಕಾಲದಿಂದ ಇದ್ದ ಆತಂಕ ಇದರಿಂದ ತಗ್ಗಿದೆ.

ಆದ್ದರಿಂದ ಯಾರಾದರೂ ಬಿದ್ದರೆಂದರೆ, ಅವರು ಬೇಡವೆಂದರೂ ಆಸ್ಪತ್ರೆಗೆ ಕರೆದೊಯ್ದು ತೋರಿಸುವುದು ಮಾನವೀಯತೆಯೂ ಹೌದು, ಕಲಂ 134ರ ಕರ್ತವ್ಯವೂ ಹೌದು. ಗಾಯವಿಲ್ಲವೆಂದು ವೈದ್ಯರು ಬರೆದ ಚೀಟಿಗೆ ಇರುವ ಬೆಲೆ ಬಿದ್ದವನ ಮಾತಿಗಿಲ್ಲ.

ಸ್ವಂತ ಚಾಲಕನ ಮಾತು

ಎದುರು ಚಾಲಕನನ್ನು ಸಂಶಯದಿಂದ ನೋಡುವ ಮಾಲೀಕನು ತನ್ನ ಚಾಲಕನ ಮಾತನ್ನು ಹಾಗೆಯೇ ನಂಬುವುದು ವಿಚಿತ್ರ. ಘಟನೆಯನ್ನು ಕಂಡಿರುವುದು ಇಬ್ಬರೇ, ಇಬ್ಬರಿಗೂ ಅವರವರ ಹೆದರಿಕೆ. ಜಖಂ ಆದಾಗಲೆಲ್ಲ ವಿಚಾರಿಸದೆ ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿ ಅನೇಕ ಸಂಸ್ಥೆಗಳಲ್ಲಿದೆ. ಅಂಥಲ್ಲಿ ಚಾಲಕನು ಮೊದಲು ಕಲಿಯುವುದೇ ಮುಚ್ಚಿಡುವುದನ್ನು. ಹಾನಿಯ ಬಾಬ್ತು ವೇತನದಲ್ಲಿ ಕಡಿತ ಮಾಡುವ ಮೊದಲು ನೌಕರನಿಗೆ ವಿವರಣೆ ನೀಡಲು ಅವಕಾಶ ಕೊಡಬೇಕೆಂದು ವೇತನ ಕಾನೂನು ಹೇಳುತ್ತದೆ. ಅದನ್ನು ಪಾಲಿಸುವವರು ಕಡಿಮೆ. ಅದೇ ದಿನ ತಿಳಿಸಿದ ಘಟನೆಗೆ ಕಡಿತವಿಲ್ಲ, ಮುಚ್ಚಿಟ್ಟದ್ದಕ್ಕೆ ಮಾತ್ರ ಕ್ರಮ ಎಂಬ ನಿಯಮವನ್ನಿಟ್ಟು ನಡೆದರೆ ಮಾಲೀಕನಿಗೆ ನಷ್ಟವಾಗುವುದಿಲ್ಲ. ಬಂಪರಿನ ಬೆಲೆಯನ್ನು ಚಾಲಕನಿಂದ ಹಿಡಿದು ನ್ಯಾಯಮಂಡಳಿಯ ನೋಟಿಸನ್ನು ಎದುರಿಸುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಲೆಕ್ಕಪುಸ್ತಕದಲ್ಲಿ ಹೇಗೆ?

“ಲಾರಿಯವರಿಂದ ಬರತಕ್ಕದ್ದು 32,000” ಎಂದು ಖತಾವಣಿಯಲ್ಲಿ ಬಾಕಿ ತೋರಿಸುವವರಿದ್ದಾರೆ. ಇದು ಸರಿಯಲ್ಲ. ಬಾಯಿಮಾತಿನ ಭರವಸೆ ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಹೆಚ್ಚೆಂದರೆ ಸಂಭವನೀಯ ಆಸ್ತಿ. ಅದನ್ನು ಪುಸ್ತಕದಲ್ಲಿ ಆಸ್ತಿಯೆಂದು ಕಾಣಿಸುವಂತಿಲ್ಲ. ದುರಸ್ತಿಯನ್ನು ಆ ವರ್ಷದ ವೆಚ್ಚವೆಂದೇ ಬರೆದು, ಹಣ ಬರುವುದು ನಿಶ್ಚಿತವಾದಾಗ ಆದಾಯಕ್ಕೆ ತೆಗೆದುಕೊಳ್ಳಬೇಕು. ವಿಮಾ ಕಂಪೆನಿ ಮಂಜೂರು ಮಾಡಿ ಪತ್ರ ಕೊಟ್ಟ ಮೊತ್ತದ ಮಾತು ಬೇರೆ. ಇದಕ್ಕೆ ವ್ಯತಿರಿಕ್ತವಾಗಿ, ಎದುರು ಪಕ್ಷ ನಮ್ಮ ಮೇಲೆ ಹೂಡಿದ ಪರಿಹಾರದ ಅರ್ಜಿಯನ್ನು ವಿಮೆ ಭರಿಸುತ್ತದೆಂಬ ಧೈರ್ಯದಿಂದ ಲೆಕ್ಕಪರಿಶೋಧಕರಿಂದ ಮುಚ್ಚಿಡಬಾರದು.

ಸ್ಥಳದಲ್ಲೇ ನಗದು ಕೊಟ್ಟು ಇತ್ಯರ್ಥ ಮಾಡಿಕೊಂಡವರು ಎರಡು ಅಂಶ ಗಮನಿಸಬೇಕು. ಒಂದೇ ದಿನ ಒಬ್ಬನಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ವೆಚ್ಚ ಮಾನ್ಯವಾಗದು. ರಸೀದಿಯಿಲ್ಲದೆ ಕೀರ್ದಿಯಲ್ಲಿ “ವಾಹನ ಖರ್ಚು” ಎಂದು ಬರೆದ ಮೊತ್ತವೂ ಪರಿಶೀಲನೆಗೆ ನಿಲ್ಲುವುದಿಲ್ಲ.

ಸರಕಿನ ವಿಷಯ ಇನ್ನೂ ಸೂಕ್ಷ್ಮ. ಜಖಂಗೊಂಡು ನಾಶವಾದ ಸರಕಿನ ಮೇಲೆ ಪಡೆದ ಹುಟ್ಟುವಳಿ ತೆರಿಗೆ ಜಮೆಯನ್ನು ಜಿ.ಎಸ್.ಟಿ. ಕಾಯ್ದೆಯ ಕಲಂ 17(5)ರ ಪ್ರಕಾರ ಹಿಂತಿರುಗಿಸಬೇಕು. ಎದುರು ಪಕ್ಷದಿಂದ ಹಾನಿ ಕೇಳುವಾಗ ಈ ಮೊತ್ತವನ್ನೂ ಸೇರಿಸಿ ಕೇಳುವುದು ನ್ಯಾಯ, ಬಹುಮಂದಿ ಮರೆಯುತ್ತಾರೆ. ಆದರೆ ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ಜಿ.ಎಸ್.ಟಿ.ಗೆ ಜಮೆ ದೊರೆಯುವುದರಿಂದ ಅದನ್ನು ಹಾನಿಯಲ್ಲಿ ಸೇರಿಸುವಂತಿಲ್ಲ. ವಾಹನ ಮುಂದೆ ಚಲಿಸಲಾರದೆ ಸರಕನ್ನು ಬೇರೆ ವಾಹನಕ್ಕೆ ತುಂಬಿದಲ್ಲಿ, ಅದು ಹೊರಡುವ ಮುನ್ನ ಇ-ವೇ ಬಿಲ್ಲಿನ ಭಾಗ ‘ಬಿ’ಯಲ್ಲಿ ಹೊಸ ವಾಹನದ ಸಂಖ್ಯೆ ನಮೂದಾಗಬೇಕು. ಅಪಘಾತದ ಗಡಿಬಿಡಿಯಲ್ಲಿ ಇದನ್ನು ಬಿಟ್ಟು ತಪಾಸಣೆಯಲ್ಲಿ ಸಿಕ್ಕಿಕೊಂಡರೆ ದಂಡದ ಮೊತ್ತ ದೀಪ-ಬಂಪರಿನ ಬೆಲೆಯನ್ನು ಎಷ್ಟೋ ಪಟ್ಟು ಮೀರಬಹುದು.

ಪ್ರತಿ ವಾಹನದ ಕ್ಯಾಬಿನ್ನಿನಲ್ಲಿ ಇಡಲು ಒಂದು ಹಾಳೆ ಸಿದ್ಧಪಡಿಸುವುದು ಅರ್ಧ ಗಂಟೆಯ ಕೆಲಸ. ಮಾಲೀಕರ ಮತ್ತು ವಿಮಾ ಕಂಪೆನಿಯ ಫೋನ್ ಸಂಖ್ಯೆ, ಪಾಲಿಸಿಯ ಸಂಖ್ಯೆ ಮತ್ತು ಅವಧಿ, ತುರ್ತು ಸಂಖ್ಯೆ 112, ತೆಗೆಯಬೇಕಾದ ಚಿತ್ರಗಳ ಪಟ್ಟಿ, ಸಂಗತಿ ಬರೆದು ಇಬ್ಬರೂ ಸಹಿ ಹಾಕಲು ಖಾಲಿ ಜಾಗ ಇಷ್ಟಿದ್ದರೆ ಸಾಕು. ಹೊರರಾಜ್ಯದ ಚಾಲಕರಿಗಾಗಿ ಹಿಂದಿಯಲ್ಲೂ ಮುದ್ರಿಸುವುದು ಒಳಿತು. ಪಾಲಿಸಿ ನವೀಕರಣವಾದ ದಿನವೇ ಹಾಳೆಯನ್ನೂ ಬದಲಿಸಬೇಕು. ಅನೇಕ ಕ್ಯಾಬಿನ್ನುಗಳಲ್ಲಿ ದೇವರ ಪಟದ ಹಿಂದೆ ಸಿಕ್ಕಿಸಿರುವುದು ಹಿಂದಿನ ವರ್ಷದ ಪಾಲಿಸಿಯ ನಕಲು.